ಕಾಳುಮೆಣಸಿನ ಖಾರ ಮತ್ತು ಘಮ: ಆರಿಸುವುದು, ಪುಡಿ ಮಾಡುವುದು, ಅಡುಗೆಗೆ ಹಾಕುವುದು

ಕಾಳುಮೆಣಸನ್ನು ಅಡುಗೆಯಲ್ಲಿ ಚೆನ್ನಾಗಿ ಬಳಸಬೇಕೆಂದರೆ ಮೊದಲು ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಆ ಸಣ್ಣ ಕಾಳಿನೊಳಗೆ ಖಾರ ಮತ್ತು ಘಮ ಎಂಬ ಎರಡು ಬೇರೆ ಬೇರೆ ಗುಣಗಳಿವೆ. ಬಿಸಿ, ನೀರು, ಎಣ್ಣೆ, ಗಾಳಿ, ಬೆಳಕು ಇವುಗಳ ಎದುರು ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಎಂಥ ಕಾಳು ಕೊಳ್ಳಬೇಕು, ಎಷ್ಟು ನುಣ್ಣಗೆ ಪುಡಿ ಮಾಡಬೇಕು, ಒಲೆಯ ಮೇಲಿದ್ದಾಗ ಹಾಕಬೇಕೋ ಇಳಿಸಿದ ಮೇಲೆ ಹಾಕಬೇಕೋ, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು, ಈ ಎರಡರಲ್ಲಿ ನಮಗೆ ಸದ್ಯ ಬೇಕಾಗಿರುವುದು ಯಾವುದು ಎಂದು ತೀರ್ಮಾನಿಸಿಕೊಂಡಾಗ ಮಾತ್ರ.

ಖಾರಕ್ಕೆ ಕಾರಣ ಪೈಪರಿನ್ ಎಂಬ ವಸ್ತು. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು 1820ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಅದಕ್ಕೂ ಒಂದು ವರ್ಷ ಮೊದಲು, 1819ರಲ್ಲಿ, ಕಾಳುಮೆಣಸಿನಿಂದ ಇದನ್ನು ಬೇರ್ಪಡಿಸಿದ್ದರು. ಒಣಗಿದ ಕಾಳಿನಲ್ಲಿ ಇದು ಸಾಮಾನ್ಯವಾಗಿ ಶೇಕಡಾ 5ರಿಂದ 9ರಷ್ಟು ಇರುತ್ತದೆ. ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಎಣ್ಣೆ ಬೆಣ್ಣೆಗಳಲ್ಲಿ ಚೆನ್ನಾಗಿ ಕರಗುತ್ತದೆ, ಕುದಿಸಿದರೆ ಆವಿಯಾಗಿ ಹೋಗುವುದಿಲ್ಲ. ಮೆಣಸಿನಕಾಯಿಯ ಖಾರವನ್ನು ನಮಗೆ ತಿಳಿಸುವ ನರತುದಿಗಳೇ ಇದರ ಖಾರವನ್ನೂ ತಿಳಿಸುತ್ತವೆಯಾದರೂ, ತೂಕಕ್ಕೆ ತೂಕ ಹೋಲಿಸಿದರೆ ಪೈಪರಿನ್ನಿನ ಖಾರ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನಿನ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಖಾರವೊಂದೇ ಬೇಕಿದ್ದರೆ ಮೆಣಸಿನಕಾಯಿಯೇ ಸಾಕು. ಕಾಳುಮೆಣಸನ್ನು ಆರಿಸಿಕೊಳ್ಳುವುದಕ್ಕೆ ನಿಜವಾದ ಕಾರಣ ಅದರ ಘಮ.

ಆ ಘಮ ಇರುವುದು ಕಾಳಿನ ತೈಲದಲ್ಲಿ. ಪೈನ್ ಮರವನ್ನು ನೆನಪಿಸುವ ಪೈನೀನ್, ನಿಂಬೆಸಿಪ್ಪೆಯ ವಾಸನೆಯ ಲಿಮೊನೀನ್, ಲವಂಗದಲ್ಲಿಯೂ ಇರುವ ಕ್ಯಾರಿಯೊಫಿಲೀನ್ ಮುಂತಾದ ಹತ್ತಾರು ಘಟಕಗಳು ಇದರಲ್ಲಿ ಸೇರಿವೆ. ಮೂಗಿಗೆ ‘ಇದು ಮೆಣಸು’ ಎಂದು ತಟ್ಟನೆ ಹೊಳೆಯುವಂತೆ ಮಾಡುವ ರೊಟಂಡೋನ್ ಎಂಬ ಘಟಕ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಬಲವಾದದ್ದು. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಶಿರಾಜ್ ದ್ರಾಕ್ಷಿಯ ವೈನಿನಲ್ಲಿಯೂ ಕಾಳುಮೆಣಸಿನಲ್ಲಿಯೂ ಗುರುತಿಸಿದರು. ಸುಮಾರು ಐವರಲ್ಲಿ ಒಬ್ಬರಿಗೆ ರೊಟಂಡೋನಿನ ವಾಸನೆ ಗೊತ್ತೇ ಆಗುವುದಿಲ್ಲವೆಂದೂ ಆಗಲೇ ಕಂಡುಬಂತು. ಒಂದೇ ಸಾರಿನ ಬಟ್ಟಲಿನಲ್ಲಿ ಒಬ್ಬರಿಗೆ ಮೆಣಸು ಹೆಚ್ಚಾಯಿತೆಂದೂ ಇನ್ನೊಬ್ಬರಿಗೆ ಸಾಲದೆಂದೂ ಅನ್ನಿಸುವುದಕ್ಕೆ ನಾಲಿಗೆಯ ಅಭ್ಯಾಸದ ಜೊತೆಗೆ ಇದೂ ಒಂದು ಕಾರಣವಾಗಿರಬಹುದು. ಮನೆಮಂದಿಗೆಲ್ಲ ಒಬ್ಬರೇ ರುಚಿ ನೋಡಿ ಮೆಣಸಿನ ಅಳತೆ ನಿರ್ಧರಿಸಬಾರದು ಎನ್ನುವುದು ಇದರಿಂದಲೇ.

ಈ ತೈಲ ಬೇಗ ಆವಿಯಾಗುತ್ತದೆ. ಕಾಳು ಇಡಿಯಾಗಿರುವಷ್ಟು ಕಾಲ ಒಣಸಿಪ್ಪೆಯ ಒಳಗೆ ಅದು ಭದ್ರವಾಗಿರುತ್ತದೆ. ಒಡೆದ ಕ್ಷಣದಿಂದ ಹೊರಡಲು ಶುರುವಾಗುತ್ತದೆ, ಬಿಸಿ ತಾಗಿದರೆ ಇನ್ನೂ ಬೇಗ ಹೊರಡುತ್ತದೆ.

ಕಪ್ಪು, ಬಿಳಿ, ಹಸಿರು, ಕೆಂಪು

ಪಶ್ಚಿಮ ಘಟ್ಟಗಳ ಮಳೆಕಾಡುಗಳಲ್ಲಿ ಹುಟ್ಟಿ ಅಲ್ಲಿಂದ ಬಿಸಿ ಮತ್ತು ತೇವದ ನಾಡುಗಳಿಗೆಲ್ಲ ಹರಡಿದ ಪೈಪರ್ ನೈಗ್ರಮ್ ಎಂಬ ಒಂದೇ ಬಳ್ಳಿಯಿಂದ ಈ ಎಲ್ಲ ಬಣ್ಣದ ಕಾಳುಗಳೂ ಬರುತ್ತವೆ. ವ್ಯತ್ಯಾಸ ಇರುವುದು ಕೊಯ್ಯುವ ಹೊತ್ತಿನಲ್ಲಿ ಮತ್ತು ಕೊಯ್ದ ಮೇಲಿನ ಕೆಲಸದಲ್ಲಿ. ಬಲಿತು ಇನ್ನೂ ಹಣ್ಣಾಗದ ಹಸಿರು ಕಾಳನ್ನು ಕದಿರಿನಿಂದ ಬಿಡಿಸಿ, ಹಲವೆಡೆ ಕೆಲವು ನಿಮಿಷ ಬಿಸಿನೀರಿನಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಹರಡಿ ಒಣಗಿಸಿದರೆ ಸಿಪ್ಪೆಯಲ್ಲಿರುವ ಕಿಣ್ವಗಳ ಕೆಲಸದಿಂದ ಅದು ಕಪ್ಪಾಗಿ ಸುಕ್ಕುಗಟ್ಟುತ್ತದೆ. ಇದೇ ಕರಿಮೆಣಸು. ಇದರಲ್ಲಿ ಸಿಪ್ಪೆಯೂ ಒಳಗಿನ ಬೀಜವೂ ಎರಡೂ ಇರುವುದರಿಂದ ಘಮ ಮತ್ತು ಖಾರ ಎರಡೂ ಸಮೃದ್ಧವಾಗಿರುತ್ತವೆ.

ಹಣ್ಣಾದ ಕಾಳನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ, ಕೊಳೆತು ಸಡಿಲಗೊಂಡ ಸಿಪ್ಪೆಯನ್ನು ಉಜ್ಜಿ ತೆಗೆದು ಒಣಗಿಸಿದ್ದು ಬೋಳುಮೆಣಸು, ಅಂದರೆ ಬಿಳಿಮೆಣಸು. ಸಿಪ್ಪೆಯೊಂದಿಗೆ ಘಮದ ದೊಡ್ಡ ಪಾಲು ಹೋಗುತ್ತದೆ, ಖಾರ ಬೀಜದಲ್ಲಿ ಉಳಿಯುತ್ತದೆ, ನೆನೆಹಾಕಿದಾಗ ಹುಟ್ಟಿದ ಹುದುಗಿನ ವಾಸನೆಯೊಂದು ಹೊಸದಾಗಿ ಸೇರುತ್ತದೆ. ನೆನೆಸುವ ನೀರು ಹರಿಯುವ ಶುಚಿಯಾದ ನೀರಾಗಿದ್ದರೆ ಆ ವಾಸನೆ ಹಿತಮಿತವಾಗಿರುತ್ತದೆ. ನಿಂತ ನೀರಾಗಿದ್ದರೆ ಕೊಟ್ಟಿಗೆಯ ವಾಸನೆ ಬರುತ್ತದೆ. ಬಿಳಿಯ ಸಾಸಿನಲ್ಲಿ ಕಪ್ಪು ಚುಕ್ಕೆ ಕಾಣಬಾರದೆಂಬ ಒಂದೇ ಕಾರಣಕ್ಕೆ ಬಿಳಿಮೆಣಸು ಹಾಕುವ ರೂಢಿ ಬಹಳ ಅಡುಗೆಮನೆಗಳಲ್ಲಿದೆ. ಅದರ ಹುದುಗಿನ ರುಚಿ ಬೇಕೆನಿಸಿದಾಗ, ಮುಖ್ಯವಾಗಿ ಆಲೂಗಡ್ಡೆ, ಅಣಬೆ, ತಿಳಿಯಾದ ಸೂಪು ಮತ್ತು ಹಂದಿಮಾಂಸದ ಅಡುಗೆಗಳಲ್ಲಿ, ಅದನ್ನು ಹಾಕುವುದು ಸರಿ. ಚುಕ್ಕೆ ಮರೆಸುವುದಕ್ಕಾಗಿ ಮಾತ್ರ ಹಾಕಿದರೆ ಅಡುಗೆಯ ರುಚಿಯೇ ಬೇರೆಯಾಗಿಬಿಡುತ್ತದೆ ಎಂಬುದನ್ನು ನೆನಪಿಡಬೇಕು.

ಎಳೆಯ ಹಸಿರು ಕಾಳನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಅಥವಾ ಶೈತ್ಯದಲ್ಲಿ ಒಣಗಿಸಿ ಮಾರುತ್ತಾರೆ. ಉಪ್ಪುನೀರಿನದ್ದನ್ನು ಬಳಸುವ ಮೊದಲು ತಣ್ಣೀರಿನಲ್ಲಿ ತೊಳೆದು, ಬಳಿಕ ಚಮಚದ ಬೆನ್ನಿನಿಂದ ಜಜ್ಜಬೇಕು. ಕೆನೆ ಸೇರಿದ ಸಾಸುಗಳಿಗೆ ಇದರಷ್ಟು ಹೊಂದುವ ಮೆಣಸು ಇನ್ನೊಂದಿಲ್ಲ. ಬಳ್ಳಿಯಲ್ಲೇ ಹಣ್ಣಾದ ಕಾಳನ್ನು ಸಿಪ್ಪೆಸಹಿತ ಒಣಗಿಸಿದ ಕೆಂಪುಮೆಣಸು ಅಪರೂಪದ್ದು, ಸ್ವಲ್ಪ ಸಿಹಿಯಾಗಿರುತ್ತದೆ. ಗುಲಾಬಿ ಬಣ್ಣದ ಕಾಳು ಮಾತ್ರ ಈ ಬಳ್ಳಿಯದ್ದಲ್ಲ. ಅದು ಗೋಡಂಬಿಯ ಕುಟುಂಬಕ್ಕೆ ಸೇರಿದ ಮರದ ಹಣ್ಣು. ಗೋಡಂಬಿ, ಪಿಸ್ತಾಗಳ ಅಲರ್ಜಿ ಇರುವವರು ಅದನ್ನು ದೂರವಿಡುವುದು ಕ್ಷೇಮ.

ಕೊಳ್ಳುವಾಗ

ಸಾಧ್ಯವಿದ್ದಷ್ಟೂ ಇಡೀ ಕಾಳನ್ನೇ ಕೊಳ್ಳಬೇಕು. ಪುಡಿಯ ಪೊಟ್ಟಣದಲ್ಲಿ ಖಾರ ಉಳಿದಿದ್ದರೂ ಘಮದ ಬಹುಪಾಲು ಅಂಗಡಿಗೆ ಬರುವ ಮೊದಲೇ ಹೋಗಿರುತ್ತದೆ, ಜೊತೆಗೆ ಅದರಲ್ಲಿ ಏನೇನು ಸೇರಿದೆ ಎಂದು ಕಣ್ಣಿನಿಂದ ನೋಡಿ ಹೇಳುವುದು ಕಷ್ಟ.

ಒಳ್ಳೆಯ ಕಾಳು ಗಾತ್ರಕ್ಕೆ ತಕ್ಕ ಭಾರವಾಗಿರುತ್ತದೆ. ಎರಡು ಬೆರಳುಗಳ ನಡುವೆ ಇಟ್ಟು ಒತ್ತಿದರೆ ಪುಡಿಯಾಗುವುದಿಲ್ಲ. ಪುಡಿಯಾದರೆ ಅದು ಜಳ್ಳು, ಒಳಗೆ ಬೀಜ ತುಂಬಿಲ್ಲ ಎಂದರ್ಥ. ಒಂದು ಕಾಳನ್ನು ಹಲ್ಲಿನಿಂದ ಒಡೆದು ನೋಡಿದರೆ ಮೊದಲು ಘಮ ಮೂಗಿಗೇರಿ, ಕೆಲವು ಕ್ಷಣಗಳ ನಂತರ ಖಾರ ನಾಲಿಗೆಗೆ ಹತ್ತಬೇಕು. ಘಮವಿಲ್ಲದೆ ಖಾರವೊಂದೇ ಹತ್ತಿದರೆ ಸರಕು ಹಳೆಯದು. ಮುಗ್ಗಲು ವಾಸನೆ, ಕಾಳಿನ ಮೇಲೆ ಬಿಳಿ ಬೂದಿಯಂಥ ಬೂಷ್ಟು, ಅಸಹಜವಾದ ಎಣ್ಣೆಹೊಳಪು ಇವುಗಳಲ್ಲಿ ಯಾವುದು ಕಂಡರೂ ಬಿಟ್ಟುಬಿಡಬೇಕು.

ಒಣಗಿಸಿದ ಪರಂಗಿ ಬೀಜವನ್ನು ಕಾಳುಮೆಣಸಿನ ಜೊತೆ ಕಲಬೆರಕೆ ಮಾಡುವುದು ಹಳೆಯ ಮೋಸ. ಅದನ್ನು ಪತ್ತೆಮಾಡಲು ಒಂದು ಲೋಟ ನೀರಿಗೆ ಒಂದು ಚಮಚ ಕಾಳು ಹಾಕಿ, ಚೆನ್ನಾಗಿ ಕಲಕಿ, ಸ್ವಲ್ಪ ಹೊತ್ತು ಬಿಡಬೇಕು. ತುಂಬಿದ ಕಾಳು ತಳಕ್ಕಿಳಿಯುತ್ತದೆ. ಪರಂಗಿ ಬೀಜವೂ ಜಳ್ಳು ಕಾಳೂ ಮೇಲೆ ತೇಲುತ್ತವೆ. ತೇಲಿದ್ದನ್ನೆಲ್ಲ ಕಲಬೆರಕೆಯೆಂದು ತೀರ್ಮಾನಿಸುವ ಮೊದಲು ಒಂದನ್ನು ಕತ್ತರಿಸಿ ನೋಡಿ: ಮೆಣಸಿನ ಕಾಳು ದುಂಡಗಿದ್ದು ಒಳಗೆ ಬೆಳ್ಳಗಿರುತ್ತದೆ ಅಥವಾ ಟೊಳ್ಳಾಗಿರುತ್ತದೆ, ಪರಂಗಿ ಬೀಜ ಮೊಟ್ಟೆಯಾಕಾರದಲ್ಲಿದ್ದು ಕಂದು ಅಥವಾ ಹಸಿರು ಮಿಶ್ರಿತ ಕಪ್ಪಾಗಿರುತ್ತದೆ.

ಪೊಟ್ಟಣದ ಮೇಲಿನ ಊರ ಹೆಸರುಗಳನ್ನು ಸ್ವಲ್ಪ ತಿಳಿದು ಓದಬೇಕು. ತಲಶ್ಶೇರಿ ಎಂಬುದು ಇಂದು ಊರಿಗಿಂತ ಹೆಚ್ಚಾಗಿ ಗಾತ್ರದ ದರ್ಜೆ, ಸಾಮಾನ್ಯವಾಗಿ 4.25 ಮಿಲಿಮೀಟರ್ ಜರಡಿಯ ಮೇಲೆ ಉಳಿಯುವ ದಪ್ಪ ಕಾಳನ್ನು ಆ ಹೆಸರಿನಲ್ಲಿ ಮಾರುತ್ತಾರೆ. ದಪ್ಪ ಕಾಳು ಬಳ್ಳಿಯಲ್ಲಿ ಹೆಚ್ಚು ಬಲಿತದ್ದಾಗಿರುವುದರಿಂದ ಅದರ ಘಮ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಆದರೆ ದಪ್ಪವಾದ ಮಾತ್ರಕ್ಕೆ ಖಾರ ಹೆಚ್ಚೆಂದು ತಿಳಿಯಬಾರದು. ಕಾಂಬೋಡಿಯಾದ ಕಂಪೋಟ್ ಮೆಣಸಿಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು 2016ರಲ್ಲಿ ದೊರೆತಿದ್ದು, ಅದು ನಿಜವಾಗಿಯೂ ಊರಿನ ಹೆಸರೇ ಆಗಿದೆ. ಇಂಡೋನೇಷ್ಯಾದ ಲಂಪುಂಗ್, ಮಲೇಷ್ಯಾದ ಸರವಾಕ್ ಕೂಡ ಬೆಳೆಯುವ ಪ್ರದೇಶಗಳ ಹೆಸರುಗಳು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ಇಂದು ವಿಯೆಟ್ನಾಂ. ದಿನಬಳಕೆಗೆ ಇವುಗಳಲ್ಲಿ ಯಾವುದಾದರೂ ಆದೀತು. ಹೆಸರಿಗಿಂತ ಹೊಸ ಬೆಳೆಯ ಕಾಳು ಸಿಗುವುದು ಮುಖ್ಯ.

ಪುಡಿ ಮಾಡುವುದು

ಪುಡಿಯ ನಯ ಎಷ್ಟಿರಬೇಕೆಂಬುದು ಅಲಂಕಾರದ ಮಾತಲ್ಲ, ರುಚಿಯ ಮಾತು. ನುಣ್ಣನೆಯ ಪುಡಿ ಆಹಾರದಲ್ಲೆಲ್ಲ ಸಮನಾಗಿ ಬೆರೆತು ಎಲ್ಲ ತುತ್ತಿಗೂ ಒಂದೇ ಹದದ ಖಾರ ಕೊಡುತ್ತದೆ. ತರಿತರಿಯಾದದ್ದು ಅಲ್ಲೊಂದು ಇಲ್ಲೊಂದು ಹಲ್ಲಿಗೆ ಸಿಕ್ಕಿ ಒಡೆಯುತ್ತದೆ, ಒಡೆದಾಗಲೇ ಘಮ ಬಿಡುತ್ತದೆ. ಹಾಗಾಗಿ ಒಟ್ಟು ಖಾರ ಕಡಿಮೆಯೆನಿಸಿದರೂ ಮೆಣಸಿನ ಇರವು ಹೆಚ್ಚು ಸ್ಪಷ್ಟವಾಗಿರುತ್ತದೆ. ಕಲಸಿದ ಹಿಟ್ಟು, ಕಟ್ಲೆಟ್ಟಿನ ಮಿಶ್ರಣ, ಆಮ್ಲೆಟ್, ಗಟ್ಟಿ ಸಾಸು ಇವುಗಳಿಗೆ ನುಣ್ಣನೆಯದು. ಬೇಯಿಸಿದ ತರಕಾರಿ, ಸಲಾಡು, ಹುರಿದ ಮೀನು, ಮೊಟ್ಟೆಯ ಮೇಲೆ ಉದುರಿಸಲು ಮಧ್ಯಮ ತರಿ. ಮಾಂಸ ಅಥವಾ ಪನೀರಿನ ತುಂಡಿಗೆ ಹೊರಗಿನಿಂದ ಮೆತ್ತಲು ಎರಡು ಮೂರು ಚೂರಾಗಿ ಒಡೆದ ಕಾಳು. ಒಂದು ಚಮಚ ನುಣ್ಣನೆಯ ಪುಡಿಯೂ ಒಂದು ಚಮಚ ತರಿಯೂ ಒಂದೇ ತೂಕವಿರುವುದಿಲ್ಲ. ತರಿಯ ನಡುವೆ ಗಾಳಿ ಇರುವುದರಿಂದ ಅದು ಹಗುರ. ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ ಬೇರೆ ನಯದ ಪುಡಿ ಹಾಕುವಾಗ ಇದನ್ನು ಗಮನದಲ್ಲಿಟ್ಟು ಅಳತೆ ಬದಲಿಸಬೇಕು.

ಕಾಳನ್ನು ಒಡೆಯುವುದಕ್ಕೆ ಕುಟ್ಟಾಣಿ ಒಳ್ಳೆಯದು. ಅದರಲ್ಲಿ ತಳ ಮುಚ್ಚುವಷ್ಟೇ ಕಾಳು ಹಾಕಿ, ಒಂದು ಕೈಯನ್ನು ಬಾಯಿಗೆ ಅಡ್ಡಹಿಡಿದು, ಎತ್ತಿ ಕುಟ್ಟುವುದಕ್ಕಿಂತ ಮೊದಲು ಒತ್ತಿ ಒಡೆಯಬೇಕು, ಆಮೇಲೆ ಬೇಕಾದಷ್ಟು ಕುಟ್ಟಬೇಕು. ಕುಟ್ಟಾಣಿ ಇಲ್ಲದಿದ್ದರೆ ಮಣೆಯ ಮೇಲೆ ಒಂದು ಹಿಡಿ ಕಾಳನ್ನು ಒಂದೇ ಪದರವಾಗಿ ಹರಡಿ, ಭಾರದ ಬಾಣಲೆಯ ತಳವನ್ನು ಅದರ ಮೇಲಿಟ್ಟು, ಅಂಗೈಯಿಂದ ದೇಹದ ಭಾರ ಹಾಕಿ ಮುಂದಕ್ಕೆ ಓರೆಯಾಗಿ ಒತ್ತಬೇಕು. ಟಪಟಪನೆ ಒಡೆಯುವ ಸದ್ದು ಕೇಳುತ್ತದೆ. ಬಾಣಲೆ ಎತ್ತಿ ನೋಡಿದರೆ ಕಪ್ಪು ಸಿಪ್ಪೆಯ ಚೂರುಗಳೂ, ಒಳಗಿನ ಬಿಳಿ ಹಿಟ್ಟಿನ ತುಣುಕುಗಳೂ ಬೇರೆಬೇರೆಯಾಗಿ ಕಾಣುತ್ತವೆ. ಘಮದ ಹೆಚ್ಚಿನ ಪಾಲು ಆ ಕಪ್ಪು ಚೂರುಗಳಲ್ಲಿದೆ, ಖಾರ ಬಿಳಿ ತುಣುಕುಗಳಲ್ಲಿದೆ. ಒಡೆದದ್ದನ್ನು ಸಣ್ಣ ಜರಡಿಯಲ್ಲಿ ಆಡಿಸಿದರೆ ನುಣ್ಣನೆಯ ದೂಳು ಕೆಳಗಿಳಿದು, ಒಂದೇ ಗಾತ್ರದ ತರಿ ಮೇಲೆ ಉಳಿಯುತ್ತದೆ. ದೂಳನ್ನು ಎಸೆಯದೆ ಸೂಪಿಗೋ ಕಲಸಿದ ಹಿಟ್ಟಿಗೋ ಬಳಸಬಹುದು.

ಕೈಯಿಂದ ತಿರುಗಿಸುವ ಮೆಣಸಿನ ಗಿರಣಿ ಇದ್ದವರು ಒಂದು ಎಚ್ಚರ ವಹಿಸಬೇಕು: ಕುದಿಯುವ ಪಾತ್ರೆಯ ಮೇಲೆಯೇ ಅದನ್ನು ಹಿಡಿದು ತಿರುಗಿಸಬಾರದು. ಆವಿ ಒಳಕ್ಕೆ ಹೊಕ್ಕು ಪುಡಿ ಅಂಟಿಕೊಂಡು ಹಲ್ಲುಗಳು ಕಟ್ಟಿಕೊಳ್ಳುತ್ತವೆ, ಒಳಗಿನ ಕಾಳೂ ತೇವ ಹಿಡಿಯುತ್ತದೆ. ಅಂಗೈಗೋ ತಟ್ಟೆಗೋ ಪುಡಿ ಮಾಡಿಕೊಂಡು ಬಳಿಕ ಪಾತ್ರೆಗೆ ಹಾಕಿದರೆ ಅಳತೆಯೂ ತಿಳಿಯುತ್ತದೆ. ಕಟ್ಟಿಕೊಂಡ ಗಿರಣಿಯನ್ನು ನೀರಿನಲ್ಲಿ ತೊಳೆಯದೆ, ಒಂದು ಚಮಚ ಒಣ ಅಕ್ಕಿಯನ್ನು ಅದರಲ್ಲಿ ಬೀಸಿ ತೆಗೆದರೆ ಸಾಕು. ಮಿಕ್ಸಿಯಲ್ಲಿ ಮಾಡುವವರು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಬಿಡದೆ ತಿರುಗಿಸಿದರೆ ಪಾತ್ರೆ ಬಿಸಿಯಾಗಿ, ಮುಚ್ಚಳ ತೆರೆದಾಗ ಘಮವೆಲ್ಲ ಅಡುಗೆಮನೆಯ ಗಾಳಿಗೆ ಸೇರಿಬಿಡುತ್ತದೆ.

ಪುಡಿ ಮಾಡುವ ಮೊದಲು ಹುರಿಯಬೇಕೇ ಎಂಬುದು ಅಡುಗೆಯ ಮೇಲೆ ಹೋಗುತ್ತದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಂದೆರಡು ನಿಮಿಷ, ಘಮ ಏಳುವವರೆಗೆ ಮಾತ್ರ ಹುರಿದರೆ ಕಡಲೆಕಾಯಿಯನ್ನು ಹುರಿದಾಗ ಬರುವಂಥ ಬೆಚ್ಚನೆಯ ರುಚಿ ಬರುತ್ತದೆ, ಕಾಳು ಗರಿಯಾಗಿ ಸುಲಭವಾಗಿ ಒಡೆಯುತ್ತದೆ. ಆದರೆ ನಿಂಬೆಸಿಪ್ಪೆಯಂಥ ತೆಳುವಾದ ಮೇಲ್ಘಮ ಸ್ವಲ್ಪ ಕಳೆದುಹೋಗುತ್ತದೆ. ಮಸಾಲೆಪುಡಿಗೆ ಸೇರಿಸುವಾಗ ಹುರಿಯುವುದು ಒಳ್ಳೆಯದು. ಹಣ್ಣು, ಸಲಾಡು, ಮೊಟ್ಟೆಗಳ ಮೇಲೆ ಉದುರಿಸುವುದಕ್ಕೆ ಹುರಿಯದ ಕಾಳೇ ಲೇಸು. ಹೊಗೆ ಬಂದರೆ ಹೆಚ್ಚಾಯಿತೆಂದು ತಿಳಿದು ಅದನ್ನು ಬಿಟ್ಟು ಹೊಸದಾಗಿ ಹುರಿಯಬೇಕು, ಏಕೆಂದರೆ ಸೀದ ಮೆಣಸಿನ ಕಹಿಯನ್ನು ಯಾವುದರಿಂದಲೂ ಮರೆಸಲಾಗದು.

ಯಾವ ಹೊತ್ತಿಗೆ ಹಾಕಬೇಕು

ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ಫಲ ಕೊಡುವ ತಿಳಿವಳಿಕೆ ಇದು. ನಂಬಿಕೆ ಬರಬೇಕೆಂದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಉಪ್ಪು ಮಾತ್ರ ಹಾಕಿದ ಆಲೂಗಡ್ಡೆಯ ಸೂಪನ್ನು ಎರಡು ಪಾತ್ರೆಗಳಿಗೆ ಸಮನಾಗಿ ಹಂಚಿ, ಒಂದಕ್ಕೆ ಕಾಲು ಚಮಚ ಮೆಣಸಿನ ಪುಡಿ ಹಾಕಿ ಹದಿನೈದು ನಿಮಿಷ ತೆರೆದಿಟ್ಟು ಕುದಿಸಿ, ಆರಿದಷ್ಟು ನೀರನ್ನು ಮತ್ತೆ ಸೇರಿಸಿ. ಇನ್ನೊಂದಕ್ಕೆ ಅಷ್ಟೇ ಪುಡಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ. ಎರಡನ್ನೂ ಒಂದೇ ಬಿಸಿಯಲ್ಲಿ ರುಚಿ ನೋಡಿದರೆ, ಕುದಿಸಿದ್ದರಲ್ಲಿ ಗಂಟಲಿಗೆ ಹತ್ತುವ ಖಾರವೂ ಅದರ ಹಿಂದೆ ಮರದ ತೊಗಟೆಯ ಒಗರೂ ಇರುತ್ತವೆ. ಆಮೇಲೆ ಹಾಕಿದ್ದರಲ್ಲಿ ಬಟ್ಟಲನ್ನು ಬಾಯಿಗೆ ತರುವ ಮೊದಲೇ ಮೂಗು ಮೆಣಸನ್ನು ಗುರುತಿಸುತ್ತದೆ. ಎರಡರಲ್ಲೂ ಹಾಕಿದ್ದು ಒಂದೇ ಮೆಣಸು, ಒಂದೇ ಅಳತೆ.

ಆದ್ದರಿಂದ ಘಮ ಬೇಕಿದ್ದಾಗ ಪುಡಿಯನ್ನು ಕೊನೆಗೆ ಹಾಕಬೇಕು. ನಾಲ್ಕು ಮಂದಿಯ ಸೂಪು, ಬೇಳೆ ಅಥವಾ ಪಲ್ಯಕ್ಕೆ ಆಗತಾನೆ ಮಾಡಿದ ಪುಡಿ ಕಾಲು ಚಮಚದಿಂದ ಆರಂಭಿಸಿ, ಮುಚ್ಚಳ ಮುಚ್ಚಿ ಒಂದೆರಡು ನಿಮಿಷ ಬಿಟ್ಟು, ರುಚಿ ನೋಡಿ ಹೆಚ್ಚಿಸಬಹುದು. ಮೆಣಸಿನ ಖಾರ ನಾಲಿಗೆಗೆ ತಡವಾಗಿ ತಿಳಿಯುತ್ತದೆ. ಮೊದಲ ಚಮಚದ ರುಚಿ ನೋಡಿ ಸಾಲದೆಂದು ಇನ್ನಷ್ಟು ಹಾಕುವ ಮೊದಲು ಎರಡು ಮೂರು ಚಮಚ ಕುಡಿದು ನೋಡುವುದು ಒಳ್ಳೆಯದು.

ಖಾರವೂ ಬೇಕು, ಅದು ಅಡುಗೆಯ ಆಳಕ್ಕೆ ಇಳಿಯಲೂ ಬೇಕು ಎಂದರೆ ಕೊಬ್ಬಿನ ಸಹಾಯ ಪಡೆಯಬೇಕು. ಎರಡು ದೊಡ್ಡ ಚಮಚ ಬೆಣ್ಣೆ, ತುಪ್ಪ ಅಥವಾ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ತರಿಯಾಗಿ ಕುಟ್ಟಿದ ಒಂದು ಸಣ್ಣ ಚಮಚ ಮೆಣಸನ್ನು ಅದಕ್ಕೆ ಹಾಕಬೇಕು. ಚೂರುಗಳ ಸುತ್ತ ಸಣ್ಣ ಗುಳ್ಳೆಗಳು ನಿಧಾನವಾಗಿ ಏಳಬೇಕೇ ಹೊರತು ಚಟಪಟನೆ ಸಿಡಿಯಬಾರದು. ಸುಮಾರು ಒಂದು ನಿಮಿಷದಲ್ಲಿ ಕೊಬ್ಬು ಘಮವನ್ನು ಹಿಡಿದಿಟ್ಟುಕೊಂಡು ತೆಳು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆಗ ತಕ್ಷಣ ಬೆಂದ ಅನ್ನವನ್ನೋ, ಶ್ಯಾವಿಗೆಯನ್ನೋ, ತರಕಾರಿಯನ್ನೋ ಹಾಕಿ ಹೊರಳಿಸಿದರೆ, ನೀರಿನಲ್ಲಿ ಕರಗದ ಪೈಪರಿನ್ ಕೊಬ್ಬಿನ ಮೂಲಕ ಪ್ರತಿ ಎಳೆಗೂ ಹತ್ತಿಕೊಳ್ಳುತ್ತದೆ. ಇದೇ ಮೆಣಸನ್ನು ನೀರಿನಲ್ಲಿ ಬೇಯಿಸಿದ್ದರೆ ತಳದಲ್ಲಿ ಉಳಿದು ಕೊನೆಯ ತುತ್ತಿಗೆ ಮಾತ್ರ ಸಿಗುತ್ತಿತ್ತು. ಇಂಥ ಅಡುಗೆಗೆ ಕೊನೆಯಲ್ಲಿ ಮತ್ತೊಂದು ಚಿಟಿಕೆ ಹಸಿಪುಡಿ ಉದುರಿಸಿದರೆ ಹಳೆಯ ಖಾರದ ಮೇಲೆ ಹೊಸ ಘಮ ಕೂತು ಎರಡೂ ಗುಣಗಳು ಒಟ್ಟಿಗೆ ದೊರೆಯುತ್ತವೆ. ಎರಡು ಬಾರಿ ಹಾಕುವ ಈ ಕ್ರಮವನ್ನು ನಾನು ಬಹುತೇಕ ಎಲ್ಲ ಬಿಸಿ ಅಡುಗೆಗಳಿಗೂ ಶಿಫಾರಸು ಮಾಡುತ್ತೇನೆ.

ಇಡೀ ಕಾಳನ್ನು ಹಾಕುವುದು ಬೇರೆಯದೇ ಉದ್ದೇಶಕ್ಕೆ. ಸಿಪ್ಪೆ ಮುಚ್ಚಿರುವ ಕಾಳು ನಿಧಾನವಾಗಿ ಬಿಡುವುದರಿಂದ, ಎರಡು ಲೀಟರ್ ತರಕಾರಿ ಅಥವಾ ಮಾಂಸದ ರಸಕ್ಕೆ ಎಂಟು ಹತ್ತು ಕಾಳು ಸಾಕಾಗುತ್ತದೆ. ಗಂಟೆಗಟ್ಟಲೆ ಕುದಿಸುವ ರಸವಾದರೆ ಕಾಳನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಒಗರು ಇಳಿಯುತ್ತದೆ. ಬಡಿಸುವಾಗ ಸೋಸದ ಅಡುಗೆಯಾದರೆ ಕಾಳುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ ಆಮೇಲೆ ತೆಗೆಯಬಹುದು. ವಿನೆಗರ್ ಅಥವಾ ಉಪ್ಪುನೀರಿನಲ್ಲಿ ಹಾಕಿಡುವ ತರಕಾರಿಗಳಿಗೂ ಇಡೀ ಕಾಳೇ ಸರಿ, ಏಕೆಂದರೆ ಪುಡಿ ಹಾಕಿದರೆ ನೀರು ಕದಡುತ್ತದೆ.

ಬಾಣಲೆಯಲ್ಲಿ ಜೋರು ಉರಿಯಲ್ಲಿ ಸುಡುವ ಮಾಂಸ, ಮೀನುಗಳ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಉಪ್ಪನ್ನು ಮೊದಲೇ ಸವರಿದರೆ ಅದು ಕರಗಿ ಒಳಗಿಳಿಯುತ್ತದೆ. ಮೆಣಸು ಎಷ್ಟು ಹೊತ್ತು ಬಿಟ್ಟರೂ ಮೇಲೆಯೇ ಉಳಿಯುತ್ತದೆ. ಹಾಗಾಗಿ ಉಪ್ಪು ಮತ್ತು ಮೆಣಸನ್ನು ಸದಾ ಒಟ್ಟಿಗೇ ಹಾಕಬೇಕೆಂಬ ನಿಯಮಕ್ಕೆ ಅರ್ಥವಿಲ್ಲ. ನುಣ್ಣನೆಯ ಪುಡಿ ಸವರಿ ಕೆಂಪಗೆ ಕಾದ ಬಾಣಲೆಗೆ ಹಾಕಿದರೆ ಅದು ಸೀಯುತ್ತದೆ, ಘಾಟೆದ್ದು ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಸಾಮಾನ್ಯವಾಗಿ ಸುಟ್ಟು ಇಳಿಸಿದ ಮೇಲೆ, ಮಾಂಸ ಆರಲು ಬಿಟ್ಟಿರುವ ಹೊತ್ತಿನಲ್ಲಿ ಮೆಣಸು ಉದುರಿಸುವುದು ಉತ್ತಮ. ಹೊರಗೆ ಮೆಣಸಿನ ಗರಿಯಾದ ಪದರವೇ ಬೇಕಿದ್ದರೆ ಮಾತ್ರ, ಒಡೆದ ದಪ್ಪ ತರಿಯನ್ನು ಎಣ್ಣೆಯಲ್ಲಿ ನೆನೆಸಿ, ತುಂಡಿನ ಮೇಲೆ ಒತ್ತಿ ಕೂರಿಸಿ, ಮಧ್ಯಮ ಉರಿಯಲ್ಲಿ ಬೇಯಿಸಬೇಕು. ಎಣ್ಣೆಯ ಲೇಪ ಮತ್ತು ತರಿಯ ಗಾತ್ರ ಎರಡೂ ಸೇರಿ ಸೀಯುವುದನ್ನು ತಡೆಯುತ್ತವೆ.

ಯಾವುದರ ಜೊತೆ ಹೊಂದುತ್ತದೆ

ಮೊಟ್ಟೆ, ಬೆಣ್ಣೆ, ಕೆನೆ, ಚೀಸ್, ಆಲೂಗಡ್ಡೆ ಇವುಗಳ ಜೊತೆ ಮೆಣಸು ಹೊಂದುವುದಕ್ಕೆ ಕಾರಣ, ಕೊಬ್ಬು ಅಥವಾ ಪಿಷ್ಟದ ಭಾರವನ್ನು ಖಾರ ಸೀಳುತ್ತದೆ, ಕೊಬ್ಬು ಖಾರವನ್ನು ಮೃದುಗೊಳಿಸುತ್ತದೆ. ಹುಳಿಯ ಜೊತೆ ಅದು ಇನ್ನೂ ಚುರುಕಾಗುತ್ತದೆ. ನಿಂಬೆರಸ ಹಿಂಡಿದ ಸಲಾಡಿಗೆ ಮೆಣಸನ್ನು ಸ್ವಲ್ಪ ಕಡಿಮೆಯೇ ಹಾಕಬೇಕು.

ಸಿಹಿಯ ಜೊತೆ ಮೆಣಸನ್ನು ಬಳಸಲು ಹಿಂಜರಿಯುವವರು ಅನಾನಸಿನಿಂದ ಆರಂಭಿಸಬಹುದು. ಹೋಳುಗಳ ಮೇಲೆ ಸ್ವಲ್ಪ ಉಪ್ಪು, ಆಗತಾನೆ ಒಡೆದ ಸಣ್ಣ ತರಿ ಉದುರಿಸಿ ಐದು ನಿಮಿಷ ಬಿಟ್ಟರೆ ಹಣ್ಣಿನ ವಾಸನೆ ಮುಂಚಿಗಿಂತ ಹೆಚ್ಚು ಹರಡುತ್ತದೆ. ಸ್ಟ್ರಾಬೆರಿ, ಮಾವು, ಪೇರಳೆಹಣ್ಣು, ಕಡು ಚಾಕೊಲೇಟು ಮತ್ತು ಶುಂಠಿ ಬಿಸ್ಕತ್ತಿನ ಹಿಟ್ಟಿಗೂ ಇದೇ ಕ್ರಮ. ಸಿಹಿಯಲ್ಲಿ ಖಾರ ಮುಂದೆ ಬರಬಾರದು. ನಾಲ್ಕು ಮಂದಿಗೆ ಒಂದು ದೊಡ್ಡ ಚಿಟಿಕೆ ಮೀರದಿರಲಿ, ತಿಂದವರಿಗೆ ಅದು ಮೆಣಸೆಂದು ತಿಳಿಯುವ ಮೊದಲು ಹಣ್ಣು ಚೆನ್ನಾಗಿದೆಯೆಂದು ಅನ್ನಿಸಲಿ.

ಜೀರಿಗೆ, ಕೊತ್ತಂಬರಿ, ಏಲಕ್ಕಿ, ಸೋಂಪು, ಶುಂಠಿ, ಬೆಳ್ಳುಳ್ಳಿ ಎಲ್ಲವೂ ಇದರ ಸಂಗಾತಿಗಳೇ. ಮೆಣಸಿನಕಾಯಿಯನ್ನೂ ಕಾಳುಮೆಣಸನ್ನೂ ಒಂದೇ ಅಡುಗೆಗೆ ಧಾರಾಳವಾಗಿ ಹಾಕಿದರೆ ಮಾತ್ರ ಕಾಳುಮೆಣಸಿನ ಘಮ ಖಾರದಡಿಯಲ್ಲಿ ಮುಳುಗಿಹೋಗುತ್ತದೆ. ಇಂಥ ಕಡೆ ಎರಡರಲ್ಲಿ ಒಂದನ್ನು ಮುಖ್ಯವಾಗಿಟ್ಟುಕೊಳ್ಳುವುದು ವಾಸಿ.

ಮೆಣಸು ಹೆಚ್ಚಾಗಿಬಿಟ್ಟರೆ ನೀರು ಸೇರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೆಣ್ಣೆ, ಕೆನೆ, ತೆಂಗಿನ ಹಾಲು ಅಥವಾ ಮೊಸರು ಸೇರಿಸಿದರೆ ಖಾರ ಕೊಬ್ಬಿಗೆ ಸೇರಿ ತಗ್ಗುತ್ತದೆ, ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಹಾಕಿದರೆ ಹಂಚಿಹೋಗುತ್ತದೆ. ಬಾಯಿ ಉರಿಯುತ್ತಿರುವವರಿಗೂ ನೀರಿಗಿಂತ ಹಾಲು ಕೊಡುವುದೇ ಸರಿ.

ಆರೋಗ್ಯದ ಎರಡು ಎಚ್ಚರಗಳು

ನೆಲದ ಮೇಲೆ ಹರಡಿ ಒಣಗಿಸುವ ಯಾವುದೇ ಮಸಾಲೆಯಂತೆ ಕಾಳುಮೆಣಸಿನಲ್ಲಿಯೂ ರೋಗಾಣುಗಳಿರಬಹುದು, ಒಣ ಕಾಳಿನಲ್ಲಿ ಅವು ಬೆಳೆಯದಿದ್ದರೂ ಸಾಯದೆ ಉಳಿಯುತ್ತವೆ. 2009-10ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಹರಡಿದ ಸಾಲ್ಮೊನೆಲ್ಲಾ ಸೋಂಕಿನ ಮೂಲವನ್ನು ಹುಡುಕಿದಾಗ, ಅದು ಸಿದ್ಧ ಮಾಂಸದ ಮೇಲೆ ಮೆತ್ತಿದ್ದ ಮೆಣಸಿನವರೆಗೆ ಹೋಗಿತ್ತು. ತಟ್ಟೆಯಲ್ಲಿ ಉದುರಿಸಿಕೊಂಡು ಕೂಡಲೇ ತಿನ್ನುವುದರಲ್ಲಿ ಭಯ ಕಡಿಮೆ. ಆದರೆ ಬಡಿಸಿದ ಮೇಲೂ ಹೊತ್ತುಗಟ್ಟಲೆ ಬೆಚ್ಚಗಿನ ಜಾಗದಲ್ಲಿ ಇಡುವ ಆಹಾರಕ್ಕೆ, ಮನೆಯಲ್ಲೇ ಮಾಡಿಡುವ ಚೀಸ್, ಅದ್ದಿಕೊಂಡು ತಿನ್ನುವ ಸಾಸುಗಳಿಗೆ ಹಸಿಪುಡಿ ಬೆರೆಸದೆ, ಮೆಣಸನ್ನು ಅಡುಗೆಯೊಂದಿಗೆ ಕುದಿಸಿ ಹಾಕುವುದು ಕ್ಷೇಮ, ಜೊತೆಗೆ ಅಂಥದ್ದನ್ನು ಫ್ರಿಜ್ಜಿನಲ್ಲೇ ಇಡಬೇಕು.

ಪೈಪರಿನ್ ದೇಹದಲ್ಲಿ ಬೇರೆ ವಸ್ತುಗಳ ಹೀರಿಕೆಯನ್ನು ಹೆಚ್ಚಿಸಬಲ್ಲದು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತುವಿನ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್ನಿನ ಹೀರಿಕೆ ಹಲವು ಪಟ್ಟು ಹೆಚ್ಚಿದ್ದು ಕಂಡುಬಂದಿತ್ತು. ಅರಿಶಿನದ ಮಾತ್ರೆಗಳಿಗೆ ಮೆಣಸಿನ ಸಾರ ಸೇರಿಸುವುದು ಇದರಿಂದಲೇ. ಇದೇ ಗುಣ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಹುದು. ಅಡುಗೆಗೆ ಹಾಕುವ ಚಿಟಿಕೆ ಮೆಣಸಿಗೆ ಹೆದರಬೇಕಾಗಿಲ್ಲ, ಆದರೆ ಪೈಪರಿನ್ ಮಾತ್ರೆ ನುಂಗುವ ಯೋಚನೆಯಿರುವವರು, ಅದರಲ್ಲೂ ಮೂರ್ಛೆರೋಗ ಅಥವಾ ಹೃದಯದ ಔಷಧ ತೆಗೆದುಕೊಳ್ಳುತ್ತಿರುವವರು, ವೈದ್ಯರನ್ನು ಕೇಳಲೇಬೇಕು.

ಇಡುವುದು, ಹಳೆಯದನ್ನು ಬಳಸುವುದು

ಇಡೀ ಕಾಳನ್ನು ಗಾಳಿಯಾಡದ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ, ಕತ್ತಲೆಯ ತಂಪು ಕಪಾಟಿನಲ್ಲಿ ಇಟ್ಟರೆ ಎರಡು ಮೂರು ವರ್ಷ ಚೆನ್ನಾಗಿರುತ್ತದೆ. ಬೆಳಕು ಬಿದ್ದರೆ ಪೈಪರಿನ್ ಖಾರವಿಲ್ಲದ ರೂಪಕ್ಕೆ ತಿರುಗುವುದರಿಂದ ಕಿಟಕಿಯ ಬಳಿ ಚೆಂದಕ್ಕೆ ಇಟ್ಟ ಗಾಜಿನ ಸೀಸೆ ಮೆಣಸಿಗೆ ಒಳ್ಳೆಯದಲ್ಲ. ಒಲೆಯ ಮೇಲಿನ ಕಪಾಟು ಬಿಸಿಯೂ ತೇವವೂ ಸೇರಿ ಇನ್ನೂ ಕೆಟ್ಟದ್ದು. ಪುಡಿಯನ್ನು ಒಂದು ವಾರಕ್ಕೆ ಆಗುವಷ್ಟು ಮಾತ್ರ ಮಾಡಿಕೊಳ್ಳಬೇಕು. ಡಬ್ಬಿಗೆ ಒದ್ದೆ ಚಮಚ ಹಾಕಬಾರದು, ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯಬಾರದು.

ಘಮ ಕಳೆದುಕೊಂಡ ಹಳೆಯ ಕಾಳನ್ನು ಎಸೆಯಬೇಕಾಗಿಲ್ಲ. ಕತ್ತಲಲ್ಲಿದ್ದ ಕಾಳಿನಲ್ಲಿ ಖಾರ ಸಾಕಷ್ಟು ಉಳಿದೇ ಇರುತ್ತದೆ; ರಸ ಕುದಿಸಲು, ಮಾಂಸ ಬೇಯಿಸುವ ನೀರಿಗೆ, ಉಪ್ಪುನೀರಿನ ತರಕಾರಿಗೆ, ಹುರಿದು ಮಾಡುವ ಮಸಾಲೆಪುಡಿಗೆ ಅದನ್ನು ಮೊದಲು ಖಾಲಿಮಾಡಿ, ಹೊಸ ಕಾಳನ್ನು ಕೊನೆಯಲ್ಲಿ ಉದುರಿಸುವುದಕ್ಕಾಗಿ ಬೇರೆ ಡಬ್ಬಿಯಲ್ಲಿ ಕೊಂಡ ತಿಂಗಳು ಬರೆದು ಇಟ್ಟುಕೊಳ್ಳಬಹುದು. ಬೂಷ್ಟು ಹಿಡಿದ ಕಾಳನ್ನು ಮಾತ್ರ ಹುರಿದರೂ ತೊಳೆದರೂ ಬಳಸಬಾರದು.